ಹವಳವೂ ರೇಷ್ಮೆ ಹುಳದ ಜ್ವರವೂ

ಹವಳವೆಂಬದು ನಮ್ಮ ನಾಡಿನ ಹೆಂಗಸರು ಅರಿಯದ ವಸ್ತುವಲ್ಲ. ಕರಿಮಣಿ ಸರದಲ್ಲಿ ನಡುನಡುವೆ ಕೋದಿರುವ ಕೆಂಪು ಮಣಿಯನ್ನು ಎಲ್ಲರೂ ನೋಡಿರುವರು. ಬೆಂಗಳೂರಿನ ನಗರ್ತಪೇಟೆ, ಚಿಕ್ಕಪೇಟೆಗಳ ಚಿನಿವಾರರ ಅಂಗಡಿಗಳಲ್ಲಿ ಅದು ಮುತ್ತಿನ ಜೊತೆಗೆ ತೂಗಿ ಮಾರಲ್ಪಡುತ್ತದೆ; ಅಂಗಾರಕ ಗ್ರಹದ ದೋಷಕ್ಕೆಂದು ಉಂಗುರದಲ್ಲಿ ಕೂರಿಸಿಕೊಳ್ಳುವವರೂ ಬಹು ಮಂದಿ. ಆದರೆ ಅದು ಏನೆಂದು ಕೇಳಿದರೆ ಉತ್ತರಗಳು ನಾನಾ ವಿಧವಾಗಿರುತ್ತವೆ. ನವರತ್ನಗಳಲ್ಲಿ ಎಣಿಸಲ್ಪಟ್ಟಿರುವದರಿಂದ ಅದು ಕಲ್ಲೆಂದು ಕೆಲವರು ಹೇಳುವರು. ಕೊಂಬೆಗಳುಳ್ಳದ್ದಾಗಿ ಸಮುದ್ರದಲ್ಲಿ ಬೆಳೆಯುವದರಿಂದ ಗಿಡವೆಂದು ಮತ್ತೆ ಕೆಲವರು ಹೇಳುವರು. ಈ ಎರಡೂ ಉತ್ತರಗಳು ಬಹು ಹಳೆಯವು; ಓದಿದವರೂ ಸಾವಿರಾರು ವರುಷಗಳ ವರೆಗೆ ಇದಕ್ಕಿಂತ ಹೆಚ್ಚೇನೂ ಹೇಳಲಾರದೆ ಇದ್ದರು.

ಹೆಸರುಗಳನ್ನೇ ನೋಡಿರಿ. ಹಳಗನ್ನಡದ ಪಕಾರವು ಹಕಾರವಾದ ನಿಯಮದಂತೆ ಪವಳವೆಂಬದು ಹವಳವಾಯಿತು. ತಮಿಳರು ಈಗಲೂ ಪವಳವೆನ್ನುವರು, ತೆಲುಗರು ಪಗಡವೆನ್ನುವರು. ಸಂಸ್ಕೃತದಲ್ಲಿ ಪ್ರವಾಳವೆಂಬ ಶಬ್ದಕ್ಕೆ ಹವಳವೆಂತಲೂ ಎಳೆಯ ಚಿಗುರೆಂತಲೂ ಎರಡು ಅರ್ಥಗಳುಂಟು. ಸತ್ಯವೇದದಲ್ಲಿ ಯೋಬನ ಗ್ರಂಥದ 28ನೆಯ ಅಧ್ಯಾಯದಲ್ಲಿಯೂ, ತೂರ್ ಪಟ್ಟಣದ ವ್ಯಾಪಾರವನ್ನು ವರ್ಣಿಸುವ ಯೆಹೆಜ್ಕೇಲನ 27ನೆಯ ಅಧ್ಯಾಯದಲ್ಲಿಯೂ ಹವಳದ ಹೆಸರು ಬರುತ್ತದೆ. ಅಲ್ಲಿನ ಇಬ್ರಿಯ ಶಬ್ದದ ಅರ್ಥದ ವಿಷಯದಲ್ಲಿ ಪಂಡಿತರು ಒಮ್ಮತರಲ್ಲವಾದರೂ ಬೆಲೆಬಾಳುವ ವಸ್ತುವೆಂಬದರಲ್ಲಿ ಸಂಶಯವಿಲ್ಲ. ರೋಮಿನ ಪ್ಲಿನಿ ಎಂಬ ಗ್ರಂಥಕರ್ತನು ಸುಮಾರು 1900 ವರುಷಗಳ ಹಿಂದೆ ಒಂದು ಸೋಜಿಗವನ್ನು ಬರೆದಿಟ್ಟನು. ಹೇಗಂದರೆ, ರೋಮಿನವರು ಇಂಡ್ಯದ ಮುತ್ತಿಗೆ ಎಷ್ಟು ಆಶೆಪಡುತ್ತಾರೋ ಇಂಡ್ಯದವರು ರೋಮಿನವರ ಕಡಲಿನ ಹವಳಕ್ಕೆ ಅಷ್ಟೇ ಆಶೆಪಡುತ್ತಾರೆ ಎಂಬದು. ನಮ್ಮ ಪೇಟೆಯ ಕೆಂಪು ಹವಳವು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಇತಾಲ್ಯದ ನೇಪಲ್ಸಿನ ಹತ್ತಿರವಿರುವ ತೊರ್ರೆ ದೆಲ್ ಗ್ರೆಕೊ ಎಂಬ ಊರು ಅದನ್ನು ಕೊರೆದು ಮಣಿಮಾಡುವದರಲ್ಲಿ ಬಹು ಕಾಲದಿಂದ ಹೆಸರುಗೊಂಡಿದೆ.

ಇನ್ನು ಹವಳದ ನಿಜಸ್ಥಿತಿಯು ಹೇಗೆ ತಿಳಿದುಬಂತೆಂಬದನ್ನು ಕೇಳಿರಿ. 1706ರಲ್ಲಿ ಮಾರ್ಸೀಲಿ ಎಂಬ ಇತಾಲ್ಯದ ಪಂಡಿತನು ಆಗಲೇ ಕಡಲಿನಿಂದ ತೆಗೆದ ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲಿಯೇ ಇಟ್ಟು ನೋಡಿದಾಗ, ಅದರ ಮೇಲೆಲ್ಲಾ ಎಂಟೆಂಟು ಎಸಳುಳ್ಳ ಬಿಳಿಯ ಹೂವುಗಳು ಅರಳಿದಂತೆ ಕಂಡನು. ಹವಳವು ಗಿಡವೆಂಬದಕ್ಕೆ ಇನ್ನೇನು ಸಾಕ್ಷಿ ಬೇಕೆಂದು ಪಂಡಿತರೆಲ್ಲರೂ ಸಂತೋಷಪಟ್ಟರು. ಕೆಲವು ವರುಷಗಳ ಮೇಲೆ ಮಾರ್ಸೇಲ್ಸ್ ಪಟ್ಟಣದ ಪೇಸೊನೆಲ್ ಎಂಬ ವೈದ್ಯನು ಅದೇ ಹೂವುಗಳನ್ನು ಹೆಚ್ಚು ತಾಳ್ಮೆಯಿಂದ ಪರೀಕ್ಷಿಸಿದನು. ಅವು ಮುಟ್ಟಿದರೆ ಒಳಗೆ ಸೇದಿಕೊಳ್ಳುತ್ತಿದ್ದವು, ಬಿಟ್ಟರೆ ಮತ್ತೆ ಚಾಚಿಕೊಳ್ಳುತ್ತಿದ್ದವು, ಸತ್ತ ಮೇಲೆ ಗಿಡದ ಹಾಗೆ ಒಣಗದೆ ಮೀನಿನ ಹಾಗೆ ನಾರುತ್ತಿದ್ದವು. ಆದದರಿಂದ ಇವು ಹೂವುಗಳಲ್ಲ, ಪ್ರಾಣಿಗಳು ಎಂದು ಅವನು 1720ರ ದಶಕದಲ್ಲಿ ಪ್ಯಾರಿಸಿನ ವಿಜ್ಞಾನ ಸಭೆಗೆ ಬರೆದನು. ಆ ಕಾಲದ ದೊಡ್ಡ ವಿದ್ವಾಂಸನಾದ ರೆಯೊಮ್ಯೂರನು ಇದನ್ನು ನಂಬಲಿಲ್ಲ. ಸಭೆಯಲ್ಲಿ ಈ ಮಾತನ್ನು ಎತ್ತಿದಾಗ ಬರೆದವನ ಹೆಸರನ್ನು ಹೇಳದೆ ಬಿಟ್ಟನು, ಯಾಕಂದರೆ ಹೇಳಿದರೆ ಆ ವೈದ್ಯನಿಗೆ ನಗೆಗೀಡಾಗುವದೆಂದು ಅವನ ಎಣಿಕೆ. ಆ ಮೇಲೆ 1740ರ ಸುಮಾರಿಗೆ ಟ್ರೆಂಬ್ಲೆ ಎಂಬವನು ಕೆರೆಕುಂಟೆಗಳ ನೀರಿನಲ್ಲಿ ಹೈಡ್ರಾ ಎಂಬ ಗಿಡದಂಥ ಪ್ರಾಣಿಯನ್ನು ಎಲ್ಲರಿಗೂ ತೋರಿಸಿದ ತರುವಾಯವೇ ರೆಯೊಮ್ಯೂರನು ಒಪ್ಪಿಕೊಂಡನು. ಹೈಡ್ರಾ ನಮ್ಮ ಕೆರೆಗಳಲ್ಲಿಯೂ ಇದೆ. ನೀರಿನ ಎಲೆಗಳ ಕೆಳಗೆ ಕಾಲು ಅಂಗುಲದ ದಾರದ ತುಂಡಿನಂತೆ ಅಂಟಿಕೊಂಡಿರುವದನ್ನು ಭೂತಗನ್ನಡಿಯಿಂದ ನೋಡಬಹುದು. ಹವಳದ ಪ್ರಾಣಿಯು ಇದರ ದೂರದ ಬಂಧುವೇ.

ಆ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಒಂದು ಸಣ್ಣ ಚೀಲವನ್ನು ಭಾವಿಸಿಕೊಳ್ಳಿರಿ. ಅದರ ತಳವು ಅಂಟಿಕೊಂಡಿದೆ, ಬಾಯಿಯು ಮೇಲಕ್ಕಿದೆ, ಬಾಯಿಯ ಸುತ್ತಲೂ ಬೆರಳುಗಳಂಥ ಎಳೆಗಳಿವೆ. ಆ ಎಳೆಗಳಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಿದ್ದು ನೀರಿನಲ್ಲಿ ತೇಲಿಬರುವ ಅತಿ ಸಣ್ಣ ಜೀವಿಗಳನ್ನು ಚುಚ್ಚಿ ಹಿಡಿಯುತ್ತವೆ. ತಲೆಯಿಲ್ಲ, ಕಣ್ಣಿಲ್ಲ, ಉಂಡ ಬಾಯಿಂದಲೇ ಕಸವನ್ನೂ ಹೊರಗೆ ಹಾಕಬೇಕು. ಒಂದು ಪಾಲಿಪ್ ಪಕ್ಕಕ್ಕೆ ಮೊಳೆತು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ; ಹೀಗೆ ಸಾವಿರಾರು ಪಾಲಿಪ್‌ಗಳು ಒಂದೇ ಕುಟುಂಬವಾಗಿ ಕೂಡಿಕೊಂಡಿರುತ್ತವೆ. ಅವುಗಳ ಮೈ ಲೋಳೆಯಂತೆ ಮೆತ್ತಗಿದೆ. ಹಾಗಾದರೆ ಗಟ್ಟಿಯಾದ ಹವಳವು ಎಲ್ಲಿಂದ ಬಂತು? ಅದು ಪಾಲಿಪ್ ಕಟ್ಟಿಕೊಂಡ ಎಲುಬು. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ತೆಗೆದು, ಗೋಡೆಗೆ ಬಳಿಯುವ ಸುಣ್ಣದ ಕಲ್ಲು ಯಾವ ಪದಾರ್ಥದಿಂದಾಗಿದೆಯೋ ಅದೇ ಪದಾರ್ಥದಿಂದ ಅದು ತನ್ನ ಆಸರೆಯನ್ನು ಮಾಡಿಕೊಳ್ಳುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ನಮಗೂ ದನಕರುಗಳಿಗೂ ಎಲುಬು ಮಾಂಸದ ಒಳಗೆ ಇದೆ. ಏಡಿಗೂ ಜಿರಲೆಗೂ ರೇಷ್ಮೆ ಹುಳಕ್ಕೂ ಒಳಗೆ ಎಲುಬಿಲ್ಲ. ಮೈಗೆ ಆಕಾರವನ್ನು ಕೊಡುವದೆಲ್ಲಾ ಹೊರಗಿನ ಕವಚವೇ. ಇದನ್ನು ಹೊರ ಎಲುಬು ಎನ್ನಬಹುದು. ಹವಳದಲ್ಲಿಯಾದರೋ ಎರಡು ಬಗೆಯವುಗಳುಂಟು. ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳದ ಪಾಲಿಪ್ ತನ್ನ ತಳದ ಚರ್ಮದ ಹೊರಗಡೆ ಸುಣ್ಣವನ್ನು ಸುರಿಸಿ ಒಂದು ಬಟ್ಟಲನ್ನು ಮಾಡಿಕೊಂಡು ಅದರಲ್ಲಿ ಕೂತಿರುತ್ತದೆ. ಬಟ್ಟಲು ಮೈಯ ಹೊರಗಿರುವದರಿಂದ ಅದು ನಿಜವಾದ ಹೊರ ಎಲುಬು. ಸರದ ಕೆಂಪು ಹವಳವಾದರೋ ಹಾಗಲ್ಲ; ಅದರಲ್ಲಿ ಕೆಂಪು ಕಡ್ಡಿಯು ನಡುವೆ ಇದ್ದು ಜೀವವುಳ್ಳ ಮೈಯು ಮರದ ತೊಗಟೆಯಂತೆ ಅದನ್ನು ಸುತ್ತಿಕೊಂಡಿರುತ್ತದೆ. ನಮ್ಮ ಮೊಣಕೈಯ ಎಲುಬಿನಂತೆ ಅದೂ ಒಳಗಿನದೇ. ಈ ಕಡ್ಡಿಯು ಬಹು ಮೆಲ್ಲಗೆ ಬೆಳೆಯುತ್ತದೆ. ವರುಷಕ್ಕೆ ಅರ್ಧ ಮಿಲಿಮೀಟರು ದಪ್ಪವಾದರೆ ಹೆಚ್ಚು. ಒಂದು ಕಡಲೆ ಕಾಳಿನ ಗಾತ್ರದ ಮಣಿಯು ಕತ್ತಿನಲ್ಲಿದ್ದರೆ, ಆ ಕೊಂಬೆಯು ಅಷ್ಟು ದಪ್ಪವಾಗುವದಕ್ಕೆ ಹತ್ತು ಹದಿನೈದು ವರುಷಗಳಾದರೂ ಹಿಡಿದಿರಬೇಕು, ಅನೇಕ ವೇಳೆ ಇನ್ನೂ ಹೆಚ್ಚು.

ಹೊರ ಎಲುಬಿನ ವಿಷಯದಲ್ಲಿ ನಮ್ಮ ಹಳ್ಳಿಯವರು ಪಂಡಿತರಿಗಿಂತ ಹೆಚ್ಚು ಬಲ್ಲವರು. ಹೇಗಂದರೆ ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಅದನ್ನು ತಿಂಗಳಿಗೊಮ್ಮೆ ಕಾಣುವರು. ಬೆಂಗಳೂರಿನ ಬಸವನಗುಡಿಯ ದಕ್ಷಿಣಕ್ಕೆ, ಕನಕಪುರಕ್ಕೆ ಹೋಗುವ ಹಾದಿಯಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರಿನ ಸ್ಥಳವು ಇಂದಿಗೂ ಇದೆ. ಅಲ್ಲಿ ಈಗ ಇರುವದು ಮನೆಗಳೂ ಬಸ್ಸು ನಿಲ್ಲುವ ಸ್ಥಳವೂ ಮಾತ್ರವೇ. ಹತ್ತೊಂಭತ್ತನೆಯ ಶತಮಾನದ ಕೊನೆಯ ವರುಷಗಳಲ್ಲಿ ಜಮಶೇಟಜಿ ಟಾಟಾ ಎಂಬವರು ಜಪಾನಿನ ಕ್ರಮದಲ್ಲಿ ಹುಳ ಸಾಕುವದನ್ನು ಮೈಸೂರು ಸೀಮೆಯವರಿಗೆ ತೋರಿಸುವದಕ್ಕಾಗಿ ಜಪಾನಿನಿಂದ ತಿಳಿದವರನ್ನು ಕರೆಸಿ ಆ ತೋಟವನ್ನು ಇಡಿಸಿದರು. ತರುವಾಯ ಸಾಲ್ವೇಶನ್ ಆರ್ಮಿ ಎಂಬ ಮಿಶನಿನವರು ಅದನ್ನು ವಹಿಸಿಕೊಂಡು ನಡಿಸಿದರು. ಅಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದ ನೆಲದಲ್ಲಿ ಈಗ ಮಾಳಿಗೆ ಮನೆಗಳು ಬೆಳೆದಿವೆ.

ರೇಷ್ಮೆ ಹುಳವು ಮೊಟ್ಟೆಯಿಂದ ಬಂದಾಗ ಇರುವೆಯಷ್ಟಿರುತ್ತದೆ. ಗೂಡು ಕಟ್ಟುವದರೊಳಗೆ, ಅಂದರೆ ಸುಮಾರು 25 ದಿವಸಗಳಲ್ಲಿ, ಅದರ ತೂಕವು ಹತ್ತು ಸಾವಿರದಷ್ಟು ಪಾಲು ಹೆಚ್ಚುತ್ತದೆ. ಆದರೆ ಅದರ ಮೈಯ ಹೊದಿಕೆಯು ಕೈಟಿನ್ ಎಂಬ ಪದಾರ್ಥದ್ದಾಗಿದ್ದು ಸ್ವಲ್ಪ ಹಿಗ್ಗುವದೇ ಹೊರತು ಬೆಳೆಯಲಾರದು. ಮಗುವಿಗೆ ಹೊಲಿಸಿದ ಅಂಗಿಯು ಬಿಗಿಯಾದರೆ ತಾಯಿಯು ಬೇರೊಂದನ್ನು ಹೊಲಿಸುವಳು. ಹುಳವಾದರೋ ಹಳೆಯ ಅಂಗಿಯ ಒಳಗೇ ಹೊಸ ಅಂಗಿಯನ್ನು ನೇಯ್ದುಕೊಂಡು ಹಳೆಯದನ್ನು ಸೀಳಿ ಹೊರಗೆ ಬರಬೇಕು. ಹೀಗೆ ನಾಲ್ಕು ಸಾರಿ ನಡೆಯುತ್ತದೆ. ಇದನ್ನೇ ನಮ್ಮ ರೈತರು ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಹೇಳುವರು. ಹುಳವು ಜ್ವರಕ್ಕೆ ಕೂತಾಗ ಸೊಪ್ಪನ್ನು ಮುಟ್ಟುವದಿಲ್ಲ. ತಲೆಯನ್ನು ಮೇಲಕ್ಕೆತ್ತಿ ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಇರುತ್ತದೆ. ರೋಗಿಯ ಹಾಗೆ ಕಾಣುವದರಿಂದ ಆ ಹೆಸರು ಬಂದಿರಬೇಕು. ಆದರೆ ಒಳಗೆ ನಡೆಯುವ ಕೆಲಸವು ಬಹು ದೊಡ್ಡದು. ಮೈಯ ಮೇಲಿನ ಚರ್ಮ ಮಾತ್ರವಲ್ಲ, ಉಸಿರಾಡುವ ಸಣ್ಣ ಕೊಳವೆಗಳ ಒಳಗಿನ ಲೇಪವೂ ತಲೆಯ ಗಟ್ಟಿಯಾದ ಚಿಪ್ಪೂ ಕಳಚಬೇಕು. ಈ ವೇಳೆಯಲ್ಲಿ ಅದನ್ನು ಕದಲಿಸಿದರೆ, ಇಲ್ಲವೆ ಹಾಸಿಗೆಯು ಒದ್ದೆಯಾಗಿದ್ದರೆ, ಚರ್ಮವು ಅರ್ಧದಲ್ಲಿ ಸಿಕ್ಕಿಕೊಂಡು ಹುಳವು ಸಾಯುವದುಂಟು. ಕೆಲವು ಹುಳಗಳು ಎದ್ದವೆಂದು ಅವಸರದಿಂದ ಸೊಪ್ಪು ಹಾಕಿದರೆ ಮೊದಲು ಎದ್ದವುಗಳು ಮುಂದೆ ಹೋಗಿ ಇಡೀ ಬೆಳೆ ಹೆಚ್ಚುಕಡಿಮೆಯಾಗುತ್ತದೆ. ಆಗ ಚಂದ್ರಂಕಿಗೆ ಬಿಡುವ ಸಮಯದಲ್ಲಿ ಅರ್ಧ ಹುಳ ಹಣ್ಣಾಗಿರುತ್ತವೆ, ಅರ್ಧ ಇನ್ನೂ ಮೇಯುತ್ತಿರುತ್ತವೆ. ಸಾಲ ಮಾಡಿ ಮೊಟ್ಟೆ ತಂದ ಮನೆಯವರಿಗೆ ಇದು ಸಣ್ಣ ನಷ್ಟವಲ್ಲ. ಆದಕಾರಣ ತಿಳಿದವರು ಜ್ವರದ ಕಾಲದಲ್ಲಿ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ತೆಳ್ಳಗೆ ಚೆಲ್ಲಿ ಒಣಗಿಸುವರು. ಕೆಲವು ಊರುಗಳಲ್ಲಿ ಆ ಸುಣ್ಣವೂ ಚಿಪ್ಪನ್ನು ಸುಟ್ಟು ಮಾಡಿದ್ದೇ ಆಗಿರುತ್ತದೆ. ಒಂದು ಪ್ರಾಣಿಯ ಹೊರ ಎಲುಬು ಇನ್ನೊಂದು ಪ್ರಾಣಿಯು ತನ್ನ ಹೊರ ಎಲುಬನ್ನು ಕಳಚುವದಕ್ಕೆ ಸಹಾಯವಾಗುತ್ತದೆ.

ಗದ್ದೆಯ ಏಡಿಯದೂ ಇದೇ ಕಥೆ. ಚಿಪ್ಪನ್ನು ಬಿಟ್ಟ ಏಡಿಯು ಕೆಲವು ದಿವಸ ಮೆತ್ತಗಿದ್ದು ಬಿಲದಲ್ಲಿ ಅಡಗಿಕೊಳ್ಳುತ್ತದೆ, ಕೊಕ್ಕರೆಗೆ ಸಿಕ್ಕಿದರೆ ಉಳಿಯದು. ಅಡಿಗೆ ಮನೆಯಲ್ಲಿ ಕೆಲವು ಸಾರಿ ಹಾಲಿನಂತೆ ಬೆಳ್ಳಗಿರುವ ಜಿರಲೆಯು ಕಾಣುತ್ತದೆ. ಅದು ಬೇರೆ ಜಾತಿಯಲ್ಲ. ಆಗ ತಾನೇ ಕವಚವನ್ನು ಕಳಚಿದ್ದು, ಕೆಲವು ಘಂಟೆಗಳೊಳಗೆ ಕಂದು ಬಣ್ಣಕ್ಕೆ ತಿರುಗುವದು. ಹಾವಿನ ಪೊರೆಯನ್ನು ಇದರೊಡನೆ ಸೇರಿಸಬಾರದು, ಯಾಕಂದರೆ ಹಾವಿಗೆ ಒಳಗೆ ಎಲುಬುಂಟು, ಕಳಚುವದು ತೊಗಲು ಮಾತ್ರ. ಆಮೆಯ ಬೆನ್ನೂ ಹೊರ ಎಲುಬಲ್ಲ. ಅದರ ಪಕ್ಕೆಲುಬುಗಳೂ ಬೆನ್ನೆಲುಬೂ ಅಗಲವಾಗಿ ಕೂಡಿಕೊಂಡು ಆ ಗೂಡಾಗಿವೆ. ಬಸವನಹುಳವು ಮತ್ತೊಂದು ರೀತಿಯದು. ಕೊಂಬಿನಂಥ ಎಳೆಗಳನ್ನು ಚಾಚುವದರಿಂದ ಬಸವನ ಹೆಸರನ್ನು ಪಡೆದ ಈ ಹುಳವು ಮಳೆಗಾಲದಲ್ಲಿ ಬಸವನಗುಡಿ, ಮಲ್ಲೇಶ್ವರಗಳ ಹಿತ್ತಲುಗಳಲ್ಲಿ ಬೇಕಾದಷ್ಟು ಕಾಣುತ್ತದೆ. ಅದು ತನ್ನ ಚಿಪ್ಪನ್ನು ಎಂದಿಗೂ ಕಳಚುವದಿಲ್ಲ. ಬಾಯಂಚಿನಲ್ಲಿ ಸುಣ್ಣವನ್ನು ಸೇರಿಸಿ ಸೇರಿಸಿ ದೊಡ್ಡದು ಮಾಡಿಕೊಳ್ಳುತ್ತದೆ. ಆಫ್ರಿಕದಿಂದ ಬಂದು ನಮ್ಮ ತೋಟಗಳಿಗೆ ಹಾವಳಿಯಾಗಿರುವ ದೊಡ್ಡ ಬಸವನಹುಳವು ಸುಣ್ಣ ಬಳಿದ ಗೋಡೆಯನ್ನು ಹತ್ತಿ ಕೆರೆಯುವದು ಈ ಸುಣ್ಣದ ಆಶೆಯಿಂದಲೇ.

ಪುನಃ ಹವಳಕ್ಕೆ ಬರೋಣ. ಕಲ್ಲುಹವಳದ ಪಾಲಿಪ್ ತನ್ನ ಬಟ್ಟಲನ್ನು ಕಳಚುವದೂ ಇಲ್ಲ, ದೊಡ್ಡದು ಮಾಡಿಕೊಂಡು ಅದರಲ್ಲೇ ಇರುವದೂ ಇಲ್ಲ. ಕೆಳಗೆ ಹೊಸ ತಳವನ್ನು ಹಾಕಿಕೊಂಡು ಮೇಲಕ್ಕೆ ಏರುತ್ತದೆ. ಹಳೆಯ ಮನೆ ಬರಿದಾಗಿ ಕೆಳಗೆ ಉಳಿಯುತ್ತದೆ. ಹವಳದ ದಿಬ್ಬದಲ್ಲಿ ಜೀವವಿರುವದು ಮೇಲಿನ ತೆಳ್ಳಗಿನ ಪದರದಲ್ಲಿ ಮಾತ್ರ, ಮಿಕ್ಕದ್ದೆಲ್ಲಾ ಪೂರ್ವಿಕರು ಬಿಟ್ಟುಹೋದ ಕಲ್ಲು. ಇಷ್ಟು ಕಟ್ಟುವದಕ್ಕೆ ಅದು ಹಿಡಿಯುವ ಆಹಾರವು ಸಾಲದು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯ ಕಣಗಳು ವಾಸವಾಗಿವೆ. ಅವು ಬಿಸಿಲಿನಿಂದ ಸಕ್ಕರೆಯನ್ನು ಮಾಡಿ ಹೆಚ್ಚಿನ ಪಾಲನ್ನು ಪಾಲಿಪ್‌ಗೆ ಬಾಡಿಗೆಯಂತೆ ಕೊಡುತ್ತವೆ. ಆದಕಾರಣ ದಿಬ್ಬ ಕಟ್ಟುವ ಹವಳಕ್ಕೆ ಬೆಚ್ಚಗಿನ, ತಿಳಿಯಾದ, ಬಿಸಿಲು ಮುಟ್ಟುವ ನೀರು ಬೇಕು. ನಮ್ಮ ಕರಾವಳಿಯಲ್ಲಿ ನೇತ್ರಾವತಿ, ಶರಾವತಿ ಮೊದಲಾದ ನದಿಗಳು ಕೆಸರನ್ನು ತಂದು ಸುರಿಯುವದರಿಂದ ದಡದಲ್ಲಿ ಅದು ಬೆಳೆಯುವದು ಕಷ್ಟ. ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕಾದ ನೇತ್ರಾಣಿ ದ್ವೀಪದ ಸುತ್ತಲೂ ಮಾತ್ರ ಚೆನ್ನಾಗಿ ಕಾಣಬರುತ್ತದೆ.

ಆದರೆ ಹವಳದ ಮೇಲೆಯೇ ಜನರು ವಾಸಿಸುವ ಸೀಮೆಯೊಂದು ಬಹು ಕಾಲ ಮಂಗಳೂರಿಗೆ ಸೇರಿತ್ತೆಂಬದನ್ನು ಎಷ್ಟು ಮಂದಿ ಬಲ್ಲರು? ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟೀಪು ಸುಲ್ತಾನನ ಕೈಗೆ ಬಂದು, 1799ರಲ್ಲಿ ಅವನು ಬಿದ್ದ ಮೇಲೆ ಕಂಪನಿಯವರಿಗೆ ಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರ ವರೆಗೆ ಮಂಗಳೂರಿನಿಂದ ಆಳಲ್ಪಟ್ಟವು. ಅಲ್ಲಿಯವರು ತೆಂಗಿನ ನಾರನ್ನು ಓಡಗಳಲ್ಲಿ ತಂದು ಕೊಟ್ಟು ಅಕ್ಕಿಯನ್ನು ಒಯ್ಯುತ್ತಿದ್ದರು. ಆ ದ್ವೀಪಗಳಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ; ನೆಲವೆಲ್ಲಾ ಹವಳದ ಪುಡಿಯೂ ಮರಳೂ ಆಗಿದ್ದು ಸಮುದ್ರಕ್ಕಿಂತ ಕೆಲವೇ ಅಡಿ ಎತ್ತರವಾಗಿದೆ. ಕುಡಿಯುವ ನೀರು ಆ ಮರಳಿನೊಳಗೆ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುವ ಮಳೆನೀರೇ.

ಇಂಥ ಬಳೆಯಾಕಾರದ ದ್ವೀಪಗಳು ನಡು ಸಮುದ್ರದಲ್ಲಿ ಹೇಗಾದವೆಂಬದನ್ನು ಚಾರ್ಲ್ಸ್ ಡಾರ್ವಿನ್ ಎಂಬವನು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಬೆಂಕಿಬೆಟ್ಟದ ಸುತ್ತಲೂ ಹವಳವು ಬೆಳೆಯುತ್ತದೆ. ಬೆಟ್ಟವು ಮೆಲ್ಲಮೆಲ್ಲಗೆ ತಗ್ಗಿ ಮುಳುಗುತ್ತದೆ. ಬಿಸಿಲನ್ನು ಬಿಡಲಾರದ ಹವಳವು ಅದೇ ವೇಗದಿಂದ ಮೇಲಕ್ಕೆ ಕಟ್ಟುತ್ತಾ ಬರುತ್ತದೆ. ಕೊನೆಗೆ ಬೆಟ್ಟ ಕಾಣದೆ ಹೋಗಿ ಬಳೆ ಮಾತ್ರ ಉಳಿಯುತ್ತದೆ. ಇದು ಊಹೆಯೇ ಎಂದು ಅನೇಕರು ವಾದಿಸಿದರು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬ ದ್ವೀಪದಲ್ಲಿ ಕೊರೆದು ನೋಡಿದಾಗ, 1200 ಮೀಟರಿಗಿಂತಲೂ ಹೆಚ್ಚು ದಪ್ಪವಾದ ಹವಳದ ಸುಣ್ಣಕಲ್ಲನ್ನು ದಾಟಿದ ಮೇಲೆ ಬೆಂಕಿಬೆಟ್ಟದ ಕಪ್ಪು ಕಲ್ಲು ಸಿಕ್ಕಿತು. ಇದಕ್ಕೆ ಹೋಲಿಸಿದರೆ ನಮ್ಮ ಲಾಲ್‌ಬಾಗಿನ ಬಂಡೆಯು ಬೇರೆ ಲೋಕದ್ದು. ಸುಮಾರು 300 ಕೋಟಿ ವರುಷಗಳಷ್ಟು ಹಳೆಯದಾದ ಅದನ್ನು ಎಷ್ಟು ಒಡೆದರೂ ಒಂದು ಚಿಪ್ಪೂ ಸಿಕ್ಕದು, ಯಾಕಂದರೆ ಚಿಪ್ಪುಳ್ಳ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರುಷಗಳ ಈಚೆಗೆ.

ಹೀಗೆ ಮುಳುಗುವ ಬೆಟ್ಟವನ್ನೇ ಗೆದ್ದ ಹವಳಕ್ಕೆ ಈಗ ಬಿಸಿ ನೀರು ಮೃತ್ಯುವಾಗಿದೆ. ಬೇಸಗೆಯ ವಾಡಿಕೆಯ ಬಿಸಿಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಪಾಲಿಪ್ ತನ್ನ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣವು ಆ ಪಾಚಿಯದಾದ್ದರಿಂದ ದಿಬ್ಬವೆಲ್ಲಾ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ನೀರು ಬೇಗನೆ ತಣ್ಣಗಾದರೆ ಪಾಚಿಯು ಹಿಂದಿರುಗುವದು, ಇಲ್ಲವಾದರೆ ಪಾಲಿಪ್ ಹಸಿವೆಯಿಂದ ಸಾಯುವದು. ಲಕ್ಷದ್ವೀಪದಲ್ಲಿ 1998, 2010, 2016ನೆಯ ಇಸವಿಗಳಲ್ಲಿ ಹೀಗಾಯಿತು. 2024ರಲ್ಲಿ ಮತ್ತೊಮ್ಮೆ ಆಯಿತು. ಮೈಸೂರಿನಲ್ಲಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು 1998ರಿಂದ ಮೊದಲು ಮಾಡಿ 24 ವರುಷ ಅಗತ್ತಿ, ಕಡಮತ್, ಕವರತ್ತಿಗಳ ಹವಳವನ್ನು ಅಳೆಯುತ್ತಾ ಬಂದರು. ಆ ಅವಧಿಯಲ್ಲಿ ಜೀವವುಳ್ಳ ಹವಳವು ಸುಮಾರು ಅರ್ಧಕ್ಕೆ ಇಳಿಯಿತು. ಇದಲ್ಲದೆ ನಾವು ಸುಡುವ ಕಲ್ಲಿದ್ದಲು, ಪೆಟ್ರೋಲುಗಳಿಂದ ಏಳುವ ಅನಿಲದ ಸುಮಾರು ಕಾಲು ಪಾಲನ್ನು ಸಮುದ್ರವು ಕುಡಿಯುತ್ತದೆ; ಅದರಿಂದ ನೀರಿನ ಗುಣವು ಹುಳಿಯ ಕಡೆಗೆ ವಾಲಿ ಸುಣ್ಣ ಕಟ್ಟುವದು ಇನ್ನೂ ಕಷ್ಟವಾಗುತ್ತದೆ.

ದಿಬ್ಬ ಬೆಳೆಯುವದು ನಿಂತರೆ ತೆರೆಗಳನ್ನು ತಡೆಯುವ ಗೋಡೆ ತಗ್ಗುತ್ತದೆ. ಬಂಗಾರಂ ದ್ವೀಪದ ಬಳಿಯಲ್ಲಿದ್ದ ಜನವಸತಿಯಿಲ್ಲದ ಪರಳಿ ಎಂಬ ಕಿರು ದ್ವೀಪಗಳಲ್ಲಿ ಒಂದು ಪೂರ್ಣವಾಗಿ ಕೊಚ್ಚಿಹೋಯಿತೆಂದು 2017ರಲ್ಲಿ ತಿಳಿದುಬಂತು. 2011ರ ಜನಗಣತಿಯಂತೆ ಲಕ್ಷದ್ವೀಪದ ಹತ್ತು ದ್ವೀಪಗಳಲ್ಲಿ 64,473 ಮಂದಿ ಇದ್ದರು. ಒಟ್ಟು ನೆಲವು 32 ಚದರ ಕಿಲೋಮೀಟರು ಮಾತ್ರ. ಅವರು ಟ್ಯೂನಾ ಮೀನನ್ನು ಗಾಳದಿಂದ ಹಿಡಿಯುವದಕ್ಕೆ ಬೇಕಾದ ಎರೆಯ ಸಣ್ಣ ಮೀನುಗಳೂ ಆ ಹವಳದ ನಡುವೆಯೇ ಸಿಕ್ಕತಕ್ಕವು.

ಇನ್ನು ಕೊಳ್ಳುವವರಿಗೆ ಒಂದೆರಡು ಮಾತು. ಪೇಟೆಯಲ್ಲಿ ಹವಳವೆಂದು ಮಾರಲ್ಪಡುವ ಎಷ್ಟೋ ಮಣಿಗಳು ಗಾಜು, ಪ್ಲಾಸ್ಟಿಕ್, ಇಲ್ಲವೆ ಬಣ್ಣ ಹಾಕಿದ ಅಗ್ಗದ ಹವಳ. ನಿಜವಾದ ಹವಳವು ಸುಣ್ಣಕಲ್ಲಾದದರಿಂದ ಒಂದು ಹನಿ ಹುಳಿ ಬಿದ್ದರೆ ಗುಳ್ಳೆಯೇಳುತ್ತದೆ, ಗಾಜಿನಲ್ಲಿ ಏಳದು. ಆದರೆ ಹುಳಿಯು ಮಣಿಯ ಹೊಳಪನ್ನು ಕೆಡಿಸುವದು, ಮತ್ತು ಬಣ್ಣ ಹಾಕಿದ ಹವಳವೂ ಗುಳ್ಳೆಯೇಳುವದು. ಆದದರಿಂದ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡುವದಕ್ಕಿಂತ ಬಲ್ಲವರಿಗೆ ತೋರಿಸುವದೇ ಲೇಸು. ಬೆವರೂ ಹುಣಿಸೆಹುಳಿಯೂ ತಗಲುವ ಕೈಯ ಉಂಗುರದಲ್ಲಿ ಹವಳವು ಬೇಗನೆ ಮಂಕಾಗುವದಕ್ಕೆ ಗ್ರಹವಲ್ಲ, ಇದೇ ಕಾರಣ. ಕಡಲ ತೀರಕ್ಕೆ ಹೋದವರು ಬಿಳಿಯ ಕಲ್ಲುಹವಳವನ್ನು ಆರಿಸಿ ತಂದು ಕಪಾಟಿನಲ್ಲಿಡುವದು ಅಪರಾಧವಾಗುತ್ತದೆ. ಯಾಕಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲಾ 2001ರಲ್ಲಿ ಸೇರಿಸಲ್ಪಟ್ಟವು.

ಈ ಕಟ್ಟಳೆಯು ದ್ವೀಪದವರಿಗೆ ಹೆಚ್ಚು ಭಾರವಾದದ್ದು. ಮೊದಲು ಅವರು ಹವಳದ ಕಲ್ಲನ್ನೇ ಕಡಿದು ಗೋಡೆ ಕಟ್ಟುತ್ತಿದ್ದರು, ಅದನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ಈಗ ಅವರ ಮನೆಗಳಿಗೆ ಬೇಕಾದ ಜಲ್ಲಿಕಲ್ಲೂ ಮರಳೂ ಸಿಮೆಂಟೂ ಮಂಗಳೂರಿನ ಹಳೆಯ ಬಂದರದಿಂದ ಮಂಜಿಗಳಲ್ಲಿ ತುಂಬಿ ಕಳುಹಿಸಲ್ಪಡುತ್ತವೆ. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಆ ಕೆಲಸವು ನಿಂತು, ಅರ್ಧ ಎದ್ದ ಗೋಡೆಯು ಮಳೆ ಬಿಡುವ ವರೆಗೆ ಹಾಗೆಯೇ ಕಾದಿರುತ್ತದೆ.